ತಲೆಯ ಮೇಲೆ ಹಾರುವ ಮೊಮ್ಮಗ

ತಪ್ಪು ಗುಂಡನದೇ, ಅದರಲ್ಲಿ ಎರಡು ಮಾತಿಲ್ಲ. ಆರೇಳು ತಿಂಗಳ ಹಿಂದೆ ಅಜ್ಜಿ ಫೋನಿನಲ್ಲಿ "ಮನೆಗೆ ಯಾವಾಗ ಬರ್ತೀಯೋ?" ಎಂದು ಕೇಳಿದಾಗ, "ಟ್ರೈನಿಂಗ್ ಇದೆ ಅಜ್ಜಿ, ಬರೋಕಾಗಲ್ಲ" ಎಂದು ಎಂದಿನಂತೆ ಹೇಳಿ ಫೋನ್ ಇಟ್ಟಿದ್ದರೆ ಇಷ್ಟೆಲ್ಲ ರಂಪ ಆಗುತ್ತಿರಲಿಲ್ಲ. ಆದರೆ ಅದನ್ನೇ ಹೇಳಿ ಹೇಳಿ ಅವನಿಗೂ ಸಾಕಾಗಿತ್ತು. ಅವತ್ತು ಅಜ್ಜಿಯ ದನಿ ಯಾಕೋ ತೀರಾ ಸಣ್ಣಗೆ ಕೇಳಿಸಿತು. ಗುಂಡನ ಬಾಯಿಂದ ಮಾತು ಜಾರಿಬಿಟ್ಟಿತು.

"ಅಜ್ಜಿ, ದಿನಾ ಸಂಜೆ ನಮ್ಮ ತಾರಸಿ ಮೇಲೆ ಒಂದು ದೊಡ್ಡ ವಿಮಾನ ಹೋಗುತ್ತಲ್ಲ, ಅದನ್ನ ಓಡಿಸೋನು ಯಾರು ಅಂದ್ಕೊಂಡೆ?"

"ಯಾರೋ?"

"ನಾನೇ!"

ಅಜ್ಜಿ "ಹೌದೇನೋ!" ಎಂದಳು ನೋಡಿ, ಆ ದನಿ ಕೇಳಿ ಗುಂಡನಿಗೆ ಹುರುಪು ಬಂತು. ಹುರುಪು ಬಂದವರ ನಾಲಿಗೆಗೆ ಲಗಾಮು ಇರುವುದಿಲ್ಲ. "ನಮ್ಮ ನೀರಿನ ಟ್ಯಾಂಕಿನ ಹತ್ರ ಬರ್ತಿದ್ದ ಹಾಗೆ ದೊಡ್ಡ ದೀಪ ಹಾಕ್ತೀನಿ, ನೋಡ್ತಿರು. ಅದು ನಿನಗೇ ಅಂತ" ಎಂದ. ಇಳಿಯುವ ಮುಂಚೆ ಯಾವ ಪೈಲಟ್ಟಾದರೂ ಹಾಕುವ ದೀಪ ಅದು.

"ಹಾಗಾದ್ರೆ ಒಂದಿನ ರಜ ಹಾಕಿ ಕೆಳಗೂ ಬಾರೋ."

"ಅಯ್ಯೋ, ನಾನು ರಜ ಹಾಕಿದ್ರೆ ಆ ವಿಮಾನ ಹಾರೋದೇ ಇಲ್ಲ ಅಜ್ಜಿ! ನನ್ನ ಬಿಟ್ರೆ ಅದನ್ನ ಓಡಿಸೋಕೆ ಬೇರೆ ಯಾರಿಗೂ ಬರಲ್ಲ."

ನಿಜ ಏನೆಂದರೆ, ಗುಂಡ ಆಗಿನ್ನೂ ಅಂಥ ವಿಮಾನದ ಗಾಲಿಯನ್ನು ಕೂಡ ಮುಟ್ಟಿರಲಿಲ್ಲ. ಪುಟ್ಟ ವಿಮಾನ ಹಾರಿಸಿ ಲೈಸೆನ್ಸ್ ತೆಗೆದುಕೊಂಡಿದ್ದ, ಸರಿ. ಆದರೆ ದೊಡ್ಡ ಕಂಪನಿಯವರು ಕೆಲಸಕ್ಕೆ ಸೇರಿಸಿಕೊಂಡ ಮೇಲೆ ಅವನನ್ನು ಕೂರಿಸಿದ್ದು ಒಂದು ಡಬ್ಬಿಯೊಳಗೆ. ರಾತ್ರಿಯಿಡೀ ಬಸ್ಸಿನಲ್ಲಿ ಹೋದರೆ ಸಿಗುವ ಬೇರೊಂದು ಊರಿನ ದೊಡ್ಡ ಶೆಡ್ಡಿನಲ್ಲಿ, ಕಬ್ಬಿಣದ ಕಾಲುಗಳ ಮೇಲೆ ನಿಂತ, ನೆಲದಲ್ಲೇ ವಿಮಾನ ಓಡಿಸುವುದನ್ನು ಕಲಿಸುವ ಡಬ್ಬಿ ಅದು. ಒಳಗೆ ಹೋದರೆ ಥೇಟ್ ವಿಮಾನದ ಹಾಗೇ. ಸ್ವಿಚ್ಚುಗಳಿವೆ, ಗಾಜಿನಾಚೆ ಮೋಡ ಕಾಣುತ್ತದೆ, ಇಂಜಿನ್ನಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ಡಬ್ಬಿ ಗಡಗಡ ನಡುಗುತ್ತದೆ, ಹಿಂದೆ ಕೂತ ಇನ್‌ಸ್ಟ್ರಕ್ಟರು ಬೈಯುತ್ತಾರೆ. ಅಷ್ಟರಲ್ಲಿ ನಿಜವಾದದ್ದು ಆ ಬೈಗುಳ ಒಂದೇ. ಹೀಗೆ ನೆಲ ಬಿಟ್ಟು ಅಲ್ಲಾಡದೆ ದಿನಾ ಹತ್ತಾರು ಸಲ ಆಕಾಶದಲ್ಲಿ ಸತ್ತು ಬದುಕುತ್ತ ಗುಂಡ ಅರ್ಧ ಇಳಿದುಹೋಗಿದ್ದ. ಹುಟ್ಟಿದಾಗ ಗುಂಡಗಿದ್ದದ್ದಕ್ಕೆ ಬಂದ ಹೆಸರು. ಈಗ ಅವನ ಬೆಲ್ಟಿಗೆ ಕತ್ತರಿಯಿಂದ ಹೊಸ ತೂತು ಹೊಡೆಯಬೇಕಾಗಿತ್ತು.

ಅಜ್ಜಿಗೆ ಡಬ್ಬಿಯ ಸಂಗತಿ ಏನು ಗೊತ್ತು? ಮಾರನೆಯ ದಿನದಿಂದ ಸಂಜೆಯಾದರೆ ಸಾಕು, ಬೆತ್ತದ ಕುರ್ಚಿ ಸಮೇತ ತಾರಸಿಗೆ ಹೊರಡುತ್ತಿದ್ದಳು. ವಿಮಾನ ಬಂದು ದೀಪ ಹತ್ತಿದ ಕೂಡಲೇ ಬಿಳಿ ಟವೆಲ್ಲು ಬೀಸಿ, "ನಿಧಾನ ಕಣೋ, ನಿಧಾನ!" ಎಂದು ಕೂಗಿ ಇಳಿದು ಬರುತ್ತಿದ್ದಳು. ಬೀದಿಗೆಲ್ಲ ಹೇಳಿಕೊಂಡಳು. ಬೀದಿಯವರಿಗೆಲ್ಲ ನಿಜ ಗೊತ್ತಿತ್ತು. ಆದರೆ ಗುಂಡನ ಅಪ್ಪ ಹೋದ ಮೇಲೆ, ಅವನ ಅಮ್ಮ ಕೆಳಗಿನ ಟೈಲರ್ ಮಾಮನಿಗೆ ಕಾಜ ಗುಂಡಿ ಹಾಕಿಕೊಡುತ್ತ ಮನೆ ನಡೆಸುವಾಗ, ಆ ಹುಡುಗನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅಜ್ಜಿಯೇ ಎಂಬುದೂ ಗೊತ್ತಿತ್ತು. ಅಜ್ಜಿಗೆ ನಿಜ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಹೋದ ತಿಂಗಳು ಒಂದು ದಿನ ಮಂಜು ಮುಸುಕಿ ವಿಮಾನ ಬರಲಿಲ್ಲ. ಅಜ್ಜಿ ಕುರ್ಚಿಯಲ್ಲೇ ಕುಸಿದಳು. ಡಾಕ್ಟರು ಬಂದು ನೋಡಿ, ಹೃದಯ ಪೂರ್ತಿ ಸೋತಿದೆ, ಇನ್ನೊಂದು ಸಲ ಗಾಬರಿಯಾದರೆ ತಡೆಯುವುದಿಲ್ಲ, ಹಾಗೆ ನೋಡಿದರೆ ಇನ್ನು ಜಾಸ್ತಿ ದಿನ ಇಲ್ಲ ಎಂದರು. ಅಮ್ಮ ಇದನ್ನು ಫೋನಿನಲ್ಲಿ ಹೇಳಿದಾಗಿನಿಂದ ಗುಂಡನಿಗೆ ಡಬ್ಬಿಯ ಮೋಡದಲ್ಲೂ ಅಜ್ಜಿಯ ಮುಖವೇ. ರಜೆ ಕೇಳಿದರೆ, ಪರೀಕ್ಷೆ ಮುಗಿಯಲಿ ಎಂದರು. ಪರೀಕ್ಷೆ ಮುಗಿಯುವ ತನಕ ಅಜ್ಜಿ ಕಾಯುತ್ತಾಳೆಂದು ಬರೆದು ಕೊಡುವವರು ಯಾರು? ಒಂದೇ ಒಂದು ಸಲ ಹತ್ತಿರ ಕೂತು ಕೈ ಹಿಡಿದು 'ಅಜ್ಜಿ, ನಾನು ಬಂದೆ' ಅನ್ನಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಕೊನೆಗೆ ಕರುಣೆ ತೋರಿಸಿದ್ದು ಮನುಷ್ಯರಲ್ಲ, ಡಬ್ಬಿ. ಪರೀಕ್ಷೆಯ ಹಿಂದಿನ ದಿನ ಅದರ ಒಂದು ಕಾಲು ಕೆಟ್ಟು, ಎಣ್ಣೆ ಸೋರಿ, ಡಬ್ಬಿ ಒಂದು ಪಕ್ಕಕ್ಕೆ ವಾಲಿ ನಿಂತುಬಿಟ್ಟಿತು. ರಿಪೇರಿಗೆ ಎರಡು ದಿನ. ಗುಂಡ ಯಾರಿಗೂ ಹೇಳದೆ ಕೇಳದೆ ರಾತ್ರಿ ಬಸ್ಸು ಹತ್ತಿದ. ಸಂಜೆಯ ಬಸ್ಸಿಗೆ ವಾಪಸು ಹೊರಟರಾಯಿತು, ಇಡೀ ಒಂದು ಹಗಲು ಅಜ್ಜಿಯ ಜೊತೆ! ದಾರಿಯುದ್ದಕ್ಕೂ ಅವನಿಗೆ ನಿದ್ದೆಯೇ ಹತ್ತಲಿಲ್ಲ.

ಬೀದಿಯ ತುದಿಗೆ ಬಂದು ಇನ್ನೇನು ಮನೆಯ ಮೆಟ್ಟಿಲಿಗೆ ಕಾಲಿಡಬೇಕು, ಯಾರೋ ಕಾಲರ್ ಹಿಡಿದು ಒಳಕ್ಕೆ ಎಳೆದರು. ನೋಡಿದರೆ ಟೈಲರ್ ಮಾಮ. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ.

"ಲೋ, ತಲೆ ಕೆಟ್ಟಿದೆಯೇನೋ ನಿನಗೆ? ಅಜ್ಜಿ ಕಿಟಕೀಲಿ ಕೂತಿದ್ದಾರೆ!"

"ಒಳ್ಳೇದೇ ಆಯ್ತಲ್ಲ ಮಾಮ, ಅವರನ್ನ ನೋಡೋಕೇ ಬಂದೆ."

"ನೋಡೋಕೆ ಬಂದ್ಯಾ! ನೀನಿಲ್ಲಿ ಕೂತ್ಕೊಂಡ್ರೆ ಸಂಜೆ ವಿಮಾನ ಯಾರು ಓಡಿಸ್ತಾರೆ, ನಿಮ್ಮ ತಾತನಾ?"

"ರಜ ಹಾಕಿ ಬಂದೆ ಅಂತ ಹೇಳಿದ್ರಾಯ್ತು."

"ಅದೊಂದು ಬಾಕಿ ಇತ್ತು. ನೀನು ರಜ ಹಾಕಿದ್ರೆ ವಿಮಾನ ಹಾರಲ್ಲ ಅಂತ ಕೊಚ್ಚಿಕೊಂಡೋನು ಯಾರು? ಅಜ್ಜಿ ಅದನ್ನ ದಿನಕ್ಕೆ ನಾಲ್ಕು ಸಲ ನಮಗೆ ಹೇಳ್ತಾರೆ. ಸಂಜೆ ನೀನು ಇಲ್ಲೇ ಕೂತಿದ್ದು, ಆ ವಿಮಾನ ತನ್ನ ಪಾಡಿಗೆ ತಾನು ಬಂತು ಅಂದ್ಕೋ. ಆಗ?"

ಆಗ ಏನು? ಏಳು ತಿಂಗಳ ಟವೆಲ್ಲು, ಏಳು ತಿಂಗಳ ದೀಪ, ಎಲ್ಲಾ ಸುಳ್ಳೆಂದು ಗೊತ್ತಾಗುತ್ತದೆ. ಆ ಸೋತ ಹೃದಯದ ಗತಿ ಏನು? ತಾನೇ ಹೆಣೆದ ಬಲೆಯಲ್ಲಿ ತಾನೇ ಸಿಕ್ಕಿಕೊಂಡು ಗುಂಡ ಹೊಲಿಗೆ ಮಿಷಿನ್ನಿನ ಮುಂದೆ ಕುಕ್ಕರಿಸಿದ.

ಸುದ್ದಿ ಹೋಗಿ ಅಮ್ಮ ಓಡಿ ಬಂದಳು. ಮಗನನ್ನು ನೋಡಿ ಮೊದಲು ಅತ್ತಳು, ಆಮೇಲೆ "ಎಷ್ಟು ಇಳಿದುಹೋಗಿದ್ದೀಯೋ" ಎಂದು ಬೈದಳು, ಆಮೇಲೆ "ಈಗೇನು ಮಾಡೋದು?" ಎಂದು ತಲೆಯ ಮೇಲೆ ಕೈ ಹೊತ್ತಳು. ಅವಳ ಹಿಂದೆಯೇ ಎದುರುಮನೆಯ ದೊಡ್ಡಮ್ಮ ಬಂದರು. ಬೀದಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಮೊದಲು ತಿಳಿಯುವುದು ಅವರಿಗೆ. ಮೇಲಿನ ಮಹಡಿಯ ಮೇಷ್ಟ್ರೂ ಇಳಿದು ಬಂದರು. ಊರ ಮಕ್ಕಳಿಗೆಲ್ಲ ಭೂಗೋಳ ಕಲಿಸಿ ನಿವೃತ್ತರಾದವರು. ಬಟ್ಟೆಯ ರಾಶಿಯ ನಡುವೆ ಸಭೆ ಸೇರಿತು.

"ಹೀಗೇ ವಾಪಸ್ ಹೋಗಿಬಿಡು" ಎಂದರು ಮೇಷ್ಟ್ರು.

"ಹೋಗಲ್ಲ ಮೇಷ್ಟ್ರೇ. ಒಂದು ಸಲ ಅಜ್ಜಿ ಕೈ ಹಿಡೀಬೇಕು ನಾನು" ಎಂದ ಗುಂಡ.

ದೊಡ್ಡಮ್ಮ ತೊಡೆ ತಟ್ಟಿದರು. "ಕೈ ತಾನೇ? ಕಾಲಾದ್ರೆ ಆಗಲ್ವಾ? ಇವತ್ತು ಅಜ್ಜಿ ಮಂಡಿಗೆ ವ್ಯಾಯಾಮ ಮಾಡಿಸೋ ಹುಡುಗ ಬರೋ ದಿನ. ಅವನ ಬದಲು ಇವನೇ ಹೋಗಲಿ! ಮುಖಕ್ಕೆ ಮಾಸ್ಕು. ಅಜ್ಜಿಗೆ ಕಣ್ಣು ಮಂಜು, ಹತ್ತಿರ ಬಂದ್ರೂ ಆಕಾರ ಅಷ್ಟೇ ಕಾಣೋದು. ಆ ಹುಡುಗನಿಗೆ ನಾನು ಫೋನ್ ಮಾಡಿ ಬರಬೇಡ ಅಂತೀನಿ."

ಗುಂಡನಿಗೆ ಇದು ಸರಿ ಕಾಣಲಿಲ್ಲ. ಆದರೆ ಅಷ್ಟು ಹೊತ್ತಿಗೆ ಟೈಲರ್ ಮಾಮ ಯಾವುದೋ ಹೋಟೆಲಿನ ಸಪ್ಲೈಯರ್‌ಗೆಂದು ಹೊಲಿದಿಟ್ಟ ಬಿಳಿ ಕೋಟನ್ನು ಅವನಿಗೆ ತೊಡಿಸಿಯೂ ಆಗಿತ್ತು. ಅದರೊಳಗೆ ಇನ್ನೊಬ್ಬ ಗುಂಡ ಹಿಡಿಸುವಷ್ಟು ಜಾಗವಿತ್ತು.

"ದನಿ ದಪ್ಪ ಮಾಡ್ಕೋ" ಎಂದು ಅಮ್ಮ ಮೆಟ್ಟಿಲು ಹತ್ತುವಾಗ ಪಿಸುಗುಟ್ಟಿದಳು. ದಪ್ಪ ಮಾಡುವ ಅಗತ್ಯವೇ ಇರಲಿಲ್ಲ. ಕಿಟಕಿಯ ಬಳಿ, ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅಷ್ಟೇ ಅಷ್ಟು ಮುದುಕಿಯನ್ನು ನೋಡಿದ್ದೇ ಗುಂಡನ ದನಿ ತಾನಾಗಿಯೇ ಒಡೆದುಹೋಯಿತು.

"ಅತ್ತೆ, ಕಾಲಿಗೆ ಹೊಸ ಹುಡುಗ ಬಂದಿದ್ದಾನೆ."

"ಬಾಪ್ಪ. ಊಟ ಆಯ್ತಾ?"

"ಹೂಂ... ಆಯ್ತು" ಎಂದ ಗುಂಡ, ಕೆಳಗೆ ಕೂತು ಅಜ್ಜಿಯ ಕಾಲು ಹಿಡಿದುಕೊಂಡ. ಕಾಲಿನಲ್ಲಿ ಬರೀ ಮೂಳೆ. ಈ ಕಾಲ ಮೇಲೆ ಮಲಗಿಸಿಕೊಂಡೇ ಅವನಿಗೆ ಸ್ನಾನ ಮಾಡಿಸಿದ್ದು. ಮುಂದೇನು ಮಾಡಬೇಕೆಂದು ತಿಳಿಯದೆ ಅವನು ಡಬ್ಬಿಯಲ್ಲಿ ಅಭ್ಯಾಸವಾಗಿದ್ದಂತೆ ಎರಡೂ ಕೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದ, ಹಿಂದಕ್ಕೆ ಎಳೆದ.

"ಅಯ್ಯಯ್ಯೋ! ಇದು ಕಾಲು ಕಣಪ್ಪ, ನೀರು ಹೊಡೆಯೋ ಪಂಪಲ್ಲ!"

"ತಪ್ಪಾಯ್ತು ಅಜ್ಜಿ."

"ಹೊಸಬ ಅಲ್ವಾ, ಇರಲಿ. ಆದ್ರೆ ನಿನ್ನ ಕೈ ಮೆತ್ತಗಿದೆ. ಆ ಹಳೇ ಹುಡುಗನದು ಕಬ್ಬಿಣ." ಅಜ್ಜಿ ಕೇಳಿದಳು, "ನನ್ನ ಮೊಮ್ಮಗ ಏನು ಕೆಲಸ ಮಾಡ್ತಾನೆ ಗೊತ್ತಾ ನಿನಗೆ?"

ಅಮ್ಮ ಸರಕ್ಕನೆ ಅಡುಗೆಮನೆಗೆ ಹೋದಳು.

"ವಿಮಾನ ಓಡಿಸ್ತಾನೆ. ಸಂಜೆ ಬಾ ತಾರಸಿಗೆ, ತೋರಿಸ್ತೀನಿ. ನನಗೇ ಅಂತ ದೀಪ ಹಾಕ್ತಾನೆ. ಚಿಕ್ಕೋನಿದ್ದಾಗ ನನ್ನ ಕೊಡೆ ಹಿಡ್ಕೊಂಡು ಆ ನೀರಿನ ಟ್ಯಾಂಕಿನ ಮೇಲಿಂದ ಹಾರಿದ್ದ, ಪೋಲಿ! ಗದ್ದ ಒಡೆದು ರಕ್ತ. ನಾನೇ ಎತ್ಕೊಂಡು ಓಡಿದ್ದೆ. ಅವತ್ತೇ ಅಂದ್ಕೊಂಡೆ, ಇವನು ನೆಲದಲ್ಲಿ ನಿಲ್ಲೋ ಪೈಕಿ ಅಲ್ಲ ಅಂತ."

ಮಾಸ್ಕಿನ ಕೆಳಗೆ ಆ ಕಲೆ ತುರಿಸಿದಂತಾಯಿತು ಗುಂಡನಿಗೆ.

"ಅದೃಷ್ಟವಂತೆ ಅಜ್ಜಿ ನೀವು."

"ಏನು ಅದೃಷ್ಟವೋ. ದಿನಾ ತಲೆ ಮೇಲೆ ಹೋಗ್ತಾನೆ, ಮನೆಗೆ ಮಾತ್ರ ಬರಲ್ಲ." ಅಜ್ಜಿ ಟವೆಲ್ಲಿನ ಅಂಚನ್ನು ಮಡಿಸಿದಳು, ಬಿಚ್ಚಿದಳು. "ಇಷ್ಟು ಹತ್ರ ಬಂದು ಇಳಿಯೋನಿಗೆ ಒಂದು ಆಟೋ ಹತ್ತಿ ಬರೋಕಾಗಲ್ವಾ? ಕೇಳಿದ್ರೆ ಬೇಜಾರು ಮಾಡ್ಕೋತಾನೆ ಅಂತ ಕೇಳಲ್ಲ ನಾನು. ಟವೆಲ್ ಬೀಸಿದ್ರೆ ಅವನಿಗೆ ಕಾಣುತ್ತೋ ಇಲ್ವೋ. ಕೈಗೆ ಸಿಗಲ್ಲವಲ್ಲಪ್ಪ, ಕೈಗೆ."

ಅವಳ ಕಾಲು ಅವನ ಕೈಯಲ್ಲಿತ್ತು. ಗುಂಡನ ಕಣ್ಣಿಂದ ಧಾರಾಕಾರ ನೀರು ಇಳಿದು ಮಾಸ್ಕಿನೊಳಗೆ ಸೇರಿ, ಉಸಿರಾಡುವುದೇ ಕಷ್ಟವಾಯಿತು. ಎದ್ದು ಹೇಳಿಬಿಡಲೇ ಎಂದು ಒಂದು ಸಲ ಅನ್ನಿಸಿತು. ಸಂಜೆಯ ವಿಮಾನ ನೆನಪಾಗಿ ಮತ್ತೆ ಕೂತ.

ಕಿಟಕಿಯ ಹಲಗೆಯ ಮೇಲೆ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಅದು ಅವನ ಚಿಕ್ಕಂದಿನ ಡಬ್ಬಿ. ಅರಿವಿಲ್ಲದೆ ಅವನ ಕೈ ಅತ್ತ ಹೋಯಿತು.

"ಅದು ಮುಟ್ಟಬೇಡಪ್ಪ! ಅದು ನಮ್ಮ ಗುಂಡಂದು. ಅವನು ಬಂದಾಗ ಕೊಡೋಕೆ ಇಟ್ಟಿದ್ದೀನಿ. ನಿನಗೆ ಬಾಳೆಹಣ್ಣು ಕೊಡಿಸ್ತೀನಿ ಇರು."

ಗುಂಡ ಮಾಸ್ಕು ಸರಿಸಿ ಬಾಳೆಹಣ್ಣು ತಿಂದ.

ಅಷ್ಟು ಹೊತ್ತಿಗೆ ಕೆಳಗೆ ಗಲಾಟೆ. ದೊಡ್ಡಮ್ಮ ಆ ವ್ಯಾಯಾಮದ ಹುಡುಗನಿಗೆ ಫೋನ್ ಮಾಡಿದ್ದೇನೋ ನಿಜ. ಆದರೆ "ಇವತ್ತು ಬರಬೇಡಪ್ಪ" ಎಂದು ಬಿಡಬೇಕಿತ್ತು. ಮಾತು ಬೆಳೆಸುವ ಚಪಲ. "ಬೇರೆ ಹುಡುಗ ಬಂದಿದ್ದಾನೆ, ಚೆನ್ನಾಗಿ ಮಾಡ್ತಾನಂತೆ" ಎಂದು ಸೇರಿಸಿದ್ದರು. ತನ್ನ ಹೊಟ್ಟೆಯ ಮೇಲೆ ಹೊಡೆಯಲು ಬಂದವನು ಯಾರೆಂದು ನೋಡಲು ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಬೈಕಿನಲ್ಲಿ ಹಾರಿ ಬಂದಿದ್ದ.

"ಎಲ್ಲಿ ಅವನು? ಸರ್ಟಿಫಿಕೇಟ್ ಇದೆಯಾ ಅವನಿಗೆ?" ಎಂದು ಮೆಟ್ಟಿಲ ಮೇಲೆ ಕೂಗುತ್ತಿದ್ದಂತೆ ಮೇಷ್ಟ್ರು ಅಡ್ಡ ನಿಂತರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಬಾಯಿಗೆ ಬಂದದ್ದನ್ನು ಅಂದುಬಿಟ್ಟರು.

"ಅಜ್ಜಿಗಲ್ಲಪ್ಪ, ನಿನ್ನ ಕರೆಸಿದ್ದು ನನಗೆ. ಸೊಂಟ... ಸೊಂಟ ಹಿಡ್ಕೊಂಡಿದೆ."

ಅವರ ಸೊಂಟ ಕಲ್ಲುಗುಂಡಿನ ಹಾಗಿತ್ತು. ಆದರೆ ಹುಡುಗನ ಕೈಯಲ್ಲಿ ಸಿಟ್ಟು ತುಂಬಿತ್ತು. ಸ್ವಲ್ಪ ಹೊತ್ತಿಗೆ ಮೇಲಿನ ಮಹಡಿಯಿಂದ "ಅಯ್ಯೋ! ಅಪ್ಪಾ! ಸತ್ತೆ!" ಎಂಬ ಕೂಗು ಇಳಿದು ಬಂತು.

"ಯಾರೇ ಅದು ಕೂಗ್ತಿರೋದು?" ಎಂದಳು ಅಜ್ಜಿ.

"ಮೇಷ್ಟ್ರು ಅತ್ತೆ. ಪಾಠ ಹೇಳ್ತಿದ್ದಾರೆ" ಎಂದಳು ಅಮ್ಮ, ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು.

"ಈ ವಯಸ್ಸಲ್ಲೂ ಎಷ್ಟು ಶ್ರದ್ಧೆ" ಎಂದಳು ಅಜ್ಜಿ. ಗುಂಡನಿಗೆ ಅಳುವಿನ ನಡುವೆಯೇ ನಗು ಬಂದು ಕೆಮ್ಮು ಹತ್ತಿತು. ಕೆಮ್ಮುವ ಹುಡುಗನ ಬೆನ್ನನ್ನು ಅಜ್ಜಿ ಬಾಗಿ ತಟ್ಟಿದಳು. ಏಳು ತಿಂಗಳಲ್ಲಿ ಅವನಿಗೆ ಸಿಕ್ಕಿದ ಅಜ್ಜಿಯ ಕೈ ಅಷ್ಟೇ.

ಮಧ್ಯಾಹ್ನ ಅಜ್ಜಿ ಮಲಗಿದಳು. ಗುಂಡ ಹೊಸ್ತಿಲಲ್ಲಿ ಕೂತು ಅವಳ ಉಸಿರು ಏರಿಳಿಯುವುದನ್ನೇ ನೋಡುತ್ತಿದ್ದ. ಅಮ್ಮ ಪಕ್ಕದಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಹೇಳಿಬಿಡ್ಲಾ ಅಮ್ಮ?"

"ಆಮೇಲೆ ನೀನು ಬಸ್ ಹತ್ತಿ ಹೋಗ್ತೀಯ. ಸಂಜೆ ಆದ್ರೆ ಅವರಿಗೆ ಇರೋದು ಆ ದೀಪ ಒಂದೇ ಕಣೋ" ಎಂದಳು ಅಮ್ಮ. ತಲೆ ಎತ್ತದೆ ದಾರವನ್ನು ಹಲ್ಲಿನಿಂದ ಕಡಿದಳು.

ಸಂಜೆಯಾಯಿತು. ಅಜ್ಜಿಯನ್ನು ಕುರ್ಚಿ ಸಮೇತ ತಾರಸಿಗೆ ಎತ್ತಿದ್ದು ಗುಂಡ ಮತ್ತು ಆ ವ್ಯಾಯಾಮದ ಹುಡುಗ. ಮೇಷ್ಟ್ರ ಸೊಂಟ ನಿಜವಾಗಿಯೂ ಹಿಡಿದುಕೊಂಡಿದ್ದರಿಂದ ಅವರಿಂದ ಎತ್ತಲಾಗಲಿಲ್ಲ. ದೊಡ್ಡಮ್ಮ ಹುಡುಗನಿಗೆ ವಿಷಯ ತಿಳಿಸಿ, ಬಾಯಿ ಮುಚ್ಚಿಕೊಂಡಿರಲು ಆಣೆ ಹಾಕಿಸಿಕೊಂಡಿದ್ದರು. ಟೈಲರ್ ಮಾಮ ಮಾತ್ರ ಗಿರಾಕಿ ಬಂದರೆಂದು ಅಂಗಡಿಯಲ್ಲೇ ಉಳಿದ.

ಅಜ್ಜಿ ಟವೆಲ್ಲು ಹಿಡಿದು ಆಕಾಶಕ್ಕೆ ಮುಖ ಮಾಡಿ ಕೂತಳು. ವಿಮಾನ ಬರುವ ಹೊತ್ತಾಯಿತು. ಬರಲಿಲ್ಲ. ಹೊತ್ತು ಮೀರಿತು. ಆಗಲೂ ಬರಲಿಲ್ಲ.

ಗುಂಡ ತಂತಿಯ ಮೇಲೆ ಟೈಲರ್ ಮಾಮ ಒಣಹಾಕಿದ್ದ ಬಟ್ಟೆಗಳ ಕಡೆ ನೋಡಿದ. ಬೆಳಿಗ್ಗೆ ಬೀದಿಯಿಂದ ನೋಡಿದಾಗ ಅವು ಟ್ಯಾಂಕಿನ ಕಡೆ ಹಾರುತ್ತಿದ್ದವು. ಈಗ ಮೆಟ್ಟಿಲಿನ ಕಡೆ ಪಟಪಟ ಹೊಡೆದುಕೊಳ್ಳುತ್ತಿವೆ. ಅವನಿಗೆ ತಿಳಿದುಹೋಯಿತು. ಗಾಳಿ ದಿಕ್ಕು ಬದಲಿಸಿದೆ. ವಿಮಾನ ಇಳಿಯುವುದು ಯಾವಾಗಲೂ ಗಾಳಿಗೆ ಎದುರಾಗಿ. ಇವತ್ತು ಎಲ್ಲ ವಿಮಾನಗಳೂ ಊರಿನ ಆ ತುದಿಯಿಂದ ಇಳಿಯುತ್ತಿವೆ. ಈ ತಾರಸಿಯ ಮೇಲೆ ಯಾವುದೂ ಬರುವುದಿಲ್ಲ.

"ಗುಂಡ ಎಲ್ಲೇ?" ಎಂದು ಅಜ್ಜಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. "ಯಾಕೇ ಬರಲಿಲ್ಲ? ಏನಾಯ್ತೇ ನನ್ನ ಮಗೂಗೆ?"

"ಬರ್ತಾನೆ ಅತ್ತೆ, ತಡ ಆಗಿರುತ್ತೆ..."

"ಬಿದ್ದುಹೋಯ್ತೇನೇ? ಹೇಳ್ರೇ ಯಾರಾದ್ರೂ!" ಟವೆಲ್ಲು ಜಾರಿತು. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ತುಟಿ ಬಿಳಿಚಿಕೊಂಡಿತು, ಉಸಿರು ತುಂಡು ತುಂಡಾಯಿತು. ದೊಡ್ಡಮ್ಮ "ಡಾಕ್ಟರ್, ಡಾಕ್ಟರ್" ಎಂದು ಸುಮ್ಮನೆ ನಿಂತಲ್ಲೇ ಕೂಗಿದರು.

ಗುಂಡ ಮಾಸ್ಕು ಕಿತ್ತೆಸೆದು ಅಜ್ಜಿಯ ಮುಂದೆ ಮಂಡಿಯೂರಿದ.

"ಅಜ್ಜಿ! ನಾನೇ ಅಜ್ಜಿ, ಗುಂಡ! ನನಗೇನೂ ಆಗಿಲ್ಲ. ನಾನಿಲ್ಲೇ ಇದ್ದೀನಿ, ಅದಕ್ಕೇ ವಿಮಾನ ಬಂದಿಲ್ಲ. ರಜ ಹಾಕಿದ್ದೀನಿ. ನಾನು ರಜ ಹಾಕಿದ್ರೆ ಅದು ಹಾರಲ್ಲ ಅಂತ ಹೇಳಿರಲಿಲ್ವಾ?"

ಅಂದಮೇಲೆಯೇ ಅವನಿಗೆ ಹೊಳೆದದ್ದು, ಗಾಳಿ ತನ್ನ ಸುಳ್ಳನ್ನು ನಿಜ ಮಾಡಿಬಿಟ್ಟಿದೆ ಎಂದು!

ಅಜ್ಜಿ ಅವನ ಕೂದಲು, ಹಣೆ, ಮೂಗು ತಡವಿದಳು. ಬೆರಳು ಗದ್ದದ ಕೆಳಗೆ ಬಂದು ಆ ಹಳೆಯ ಕಲೆಯ ಮೇಲೆ ನಿಂತಿತು.

"ಕೊಡೆ ಹಿಡ್ಕೊಂಡು ಹಾರಿದ್ದು..."

"ಹೂಂ ಅಜ್ಜಿ. ಆ ಟ್ಯಾಂಕಿನ ಮೇಲಿಂದಾನೇ."

"ಗುಂಡಾ!" ಎಂದು ಅಜ್ಜಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಕಾಲು ಹಿಡ್ಕೊಂಡು ಕೂತಿದ್ಯಲ್ಲೋ ಕಳ್ಳ! ಹೇಳಬಾರದಾಗಿತ್ತಾ?" ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಸೊಂಟ ಹಿಡಿದುಕೊಂಡೇ ಕಣ್ಣೊರೆಸಿಕೊಂಡರು. ಕಬ್ಬಿಣದ ಕೈಯ ಹುಡುಗ ಕೂಡ ಗೋಡೆಯ ಕಡೆ ತಿರುಗಿದ.

"ಡಬ್ಬಿ ತಗೊಂಬಾರೇ!" ಎಂದು ಅಜ್ಜಿ ಸೊಸೆಯನ್ನು ಕೆಳಗೆ ಓಡಿಸಿದಳು. ಗುಂಡನ ಕೈಯನ್ನು ತನ್ನೆರಡೂ ಕೈಗಳ ನಡುವೆ ಇಟ್ಟುಕೊಂಡು, "ಅಲ್ವೋ, ಆ ವಿಮಾನದ ಜನ ಎಲ್ಲಾ ಕಾಯ್ತಾ ಕೂತಿರ್ತಾರಲ್ಲೋ?" ಎಂದಳು.

"ಒಂದಿನ ಕಾಯಲಿ ಬಿಡಜ್ಜಿ. ನೀನು ಎಷ್ಟು ದಿನ ಕಾದಿಲ್ಲ?"

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಡಬ್ಬಿ ಬಂತು. ಬಿಸ್ಕತ್ತು ಹಳೆಯದಾಗಿ ಮೆತ್ತಗಾಗಿತ್ತು. ಅಜ್ಜಿ ತಾನೇ ಒಂದನ್ನು ಆರಿಸಿ ಅವನ ಕೈಗೆ ಕೊಟ್ಟಳು. ಗುಂಡ ಅರ್ಧ ಕಚ್ಚಿದ. ಇಷ್ಟು ರುಚಿಯಾದದ್ದನ್ನು ತಾನು ತಿಂದೇ ಇಲ್ಲ ಅನ್ನಿಸಿತು ಅವನಿಗೆ. ಶೆಡ್ಡಿನ ಡಬ್ಬಿ, ಪರೀಕ್ಷೆ, ಬಸ್ಸು ಎಲ್ಲವೂ ಮರೆತುಹೋದವು.

ಆಗ ಅವನ ಕಣ್ಣು ತಂತಿಯ ಮೇಲಿನ ಬಟ್ಟೆಗಳ ಮೇಲೆ ಬಿತ್ತು. ಪಟಪಟ ನಿಂತಿತ್ತು. ಬಟ್ಟೆಗಳು ಒಂದು ಗಳಿಗೆ ಸುಮ್ಮನೆ ಜೋತುಬಿದ್ದವು. ಆಮೇಲೆ ಮೆಲ್ಲಗೆ, ಒಂದೊಂದಾಗಿ, ಟ್ಯಾಂಕಿನ ಕಡೆಗೆ ಏಳತೊಡಗಿದವು.

ಗುಂಡನ ಬಾಯಿಯ ಬಿಸ್ಕತ್ತು ಅಲ್ಲೇ ನಿಂತಿತು.

"ಅಜ್ಜಿ, ಚಳಿ ಆಗ್ತಿದೆ. ಕೆಳಗೆ ಹೋಗೋಣ ನಡಿ."

"ಎಲ್ಲೋ ಚಳಿ? ಇನ್ನೊಂದು ಸ್ವಲ್ಪ ಹೊತ್ತು ಕೂರೋ. ಎಷ್ಟು ದಿನ ಆಯ್ತು ನೀನು ಹೀಗೆ ಕೂತು."

"ಬೇಡ ಅಜ್ಜಿ, ಬೇಗ!" ಗುಂಡ ಕುರ್ಚಿ ಎತ್ತಲು ಬಾಗಿದ. "ಅಪ್ಪಾ, ಹಿಡ್ಕೋ ಬಾ ಆ ಕಡೆ!" ಎಂದು ಹುಡುಗನನ್ನು ಕರೆದ. ಹುಡುಗ ಇನ್ನೂ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದ.

ದೂರದಿಂದ ಗುಡುಗುಡು ಕೇಳಿಸಿತು.

ಕಾದು ಕಾದು ಸುತ್ತು ಹಾಕಿ, ಗಾಳಿ ತಿರುಗಿದ ಮೇಲೆ ಹಳೆಯ ದಾರಿಯಲ್ಲೇ ಇಳಿಯಲು ಬಂದ ಆ ಸಂಜೆಯ ವಿಮಾನ, ಮನೆಗಳ ಮೇಲೆ ಇಷ್ಟಿಷ್ಟೇ ದೊಡ್ಡದಾಗುತ್ತ ಬಂತು. ನೀರಿನ ಟ್ಯಾಂಕಿನ ಹತ್ತಿರ ಬರುತ್ತಿದ್ದ ಹಾಗೆ ಝಗ್ಗನೆ ದೀಪ ಹತ್ತಿತು. ಇಡೀ ತಾರಸಿ ಬೆಳ್ಳಗಾಯಿತು.

ಅಜ್ಜಿಯ ಮಂಜು ಕಣ್ಣಿನ ತುಂಬ ಬೆಳಕು. ಅವಳು ಮೇಲೆ ನೋಡಿದಳು. ಗುಂಡನನ್ನು ನೋಡಿದಳು. ಮತ್ತೆ ಮೇಲೆ ನೋಡಿದಳು. ಅವನ ಕೈಯನ್ನು ಹಿಡಿದಿದ್ದ ಅವಳ ಕೈ ಸಡಿಲವಾಯಿತು.

"ಬಂದ! ನನ್ನ ಗುಂಡ ಬಂದ!" ಎಂದು ಕೂಗಿ ಕೆಳಗೆ ಬಿದ್ದಿದ್ದ ಟವೆಲ್ಲಿಗೆ ತಡಕಾಡಿದಳು. ಎತ್ತಿಕೊಟ್ಟವನು ಗುಂಡನೇ. ಅಜ್ಜಿ ಶಕ್ತಿಯೆಲ್ಲ ಕೂಡಿಸಿ ಟವೆಲ್ಲು ಬೀಸಿದಳು. "ನಿಧಾನ ಕಣೋ, ನಿಧಾನ!"

ಸದ್ದು ಮನೆಗಳಾಚೆ ಇಳಿದು ಹೋಯಿತು. ಅಜ್ಜಿ ಸಮಾಧಾನದ ಉಸಿರು ಬಿಟ್ಟು ಗುಂಡನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ನೀನು ಒಳ್ಳೆ ಹುಡುಗ ಕಣಪ್ಪ. ಮುದುಕಿ ಜೀವ ಹೋಗುತ್ತೆ ಅಂತ ಹಾಗೆ ಹೇಳಿದ್ಯಲ್ವಾ? ನಾನೂ ನಂಬಿಬಿಟ್ಟೆ ನೋಡು."

"ಅತ್ತೆ, ಅವನು ಗುಂಡಾನೇ!" ಎಂದಳು ಅಮ್ಮ. "ಗದ್ದದ ಕಲೆ ಮುಟ್ಟಿ ನೋಡಿದ್ರಲ್ಲ!"

"ಕಲೆ ಯಾರ ಗದ್ದದಲ್ಲಿ ಇರಲ್ಲ? ಬಿದ್ದೋರಿಗೆಲ್ಲ ಇರುತ್ತೆ. ಕೊಡೆ ವಿಷಯ ಬೆಳಿಗ್ಗೆ ನಾನೇ ಅವನಿಗೆ ಹೇಳಿದ್ದೆ. ಗುಂಡ ಇಲ್ಲಿದ್ರೆ ಅಲ್ಲಿ ದೀಪ ಹಾಕಿದ್ದು ಯಾರೇ?"

ಗುಂಡ ಬಾಯಿ ತೆರೆದ. ಒಂದು ಮಾತು ಸಾಕಾಗಿತ್ತು. ಆ ದೀಪ ನಂದಲ್ಲ ಅಜ್ಜಿ, ಯಾವತ್ತೂ ನಂದಾಗಿರಲಿಲ್ಲ, ಅಂದರೆ ಮುಗಿಯುತ್ತಿತ್ತು. ಅಜ್ಜಿಯ ಮುಖ ನೋಡಿದ. ಆ ಬೆಳಕು ಇನ್ನೂ ಅಲ್ಲೇ ಇತ್ತು. ನಾಳೆ ತಾನಿರುವುದಿಲ್ಲ, ಅದು ಮಾತ್ರ ತಪ್ಪದೆ ಬರುತ್ತದೆ. ಅವನು ಬಾಯಿ ಮುಚ್ಚಿಕೊಂಡ.

"ಹೌದು ಅಜ್ಜಿ. ನಿಮಗೆ ಗಾಬರಿ ಆಗದೆ ಇರಲಿ ಅಂತ ಹೇಳಿದ್ದು."

"ಗೊತ್ತಾಯ್ತು ಬಿಡು" ಎಂದ ಅಜ್ಜಿ, ಅವನ ಕೈಯಲ್ಲಿದ್ದ ಅರ್ಧ ಬಿಸ್ಕತ್ತನ್ನು ಮೆಲ್ಲಗೆ ಬಿಡಿಸಿಕೊಂಡು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಬೇಜಾರು ಮಾಡ್ಕೋಬೇಡ. ಅವನಿಗೆ ಅಂತಾನೇ ಇಟ್ಟಿರೋದು. ಇವತ್ತಲ್ಲ ನಾಳೆ ಬರ್ತಾನಲ್ಲ."

ಅಜ್ಜಿಯನ್ನು ಕೆಳಗಿಳಿಸಿ ಹಾಸಿಗೆಯ ಮೇಲೆ ಕೂರಿಸಿ, ಕಾಲಿಗೆ ಹೊದಿಕೆ ಹೊದಿಸಿ ಗುಂಡ ಎದ್ದು ನಿಂತ. ಬಸ್ಸಿನ ಹೊತ್ತಾಗಿತ್ತು.

"ಹೊರಟ್ಯಾ? ನಾಳೇನೂ ನೀನೇ ಬಾಪ್ಪ, ಕಾಲಿಗೆ. ನಿನ್ನ ಕೈ ಹಿತವಾಗಿದೆ."

"ನಾಳೆ... ನಾಳೆ ಆಗಲ್ಲ ಅಜ್ಜಿ. ಕೆಲಸ ಇದೆ."

"ಮತ್ತೆ ಯಾವಾಗ ಬರ್ತೀಯ?"

"ಮುಂದಿನ ತಿಂಗಳು... ರಜ ಸಿಕ್ಕಿದ್ರೆ ನೋಡ್ತೀನಿ."

ಅಜ್ಜಿ ನಿಟ್ಟುಸಿರು ಬಿಟ್ಟು, ಅವನ ಕೆನ್ನೆಯನ್ನು ಒಂದು ಸಲ ತಟ್ಟಿದಳು.

"ಥೇಟ್ ನನ್ನ ಗುಂಡನ ಥರಾನೇ ಮಾತಾಡ್ತೀಯ ನೋಡು."

ಗುಂಡ ಮೆಟ್ಟಿಲಿಳಿದು ಬಂದ. ಅಂಗಡಿಯ ಬಾಗಿಲಲ್ಲಿ ಟೈಲರ್ ಮಾಮ ಕತ್ತರಿ ಹಿಡಿದುಕೊಂಡು ಕಾಯುತ್ತಿದ್ದ.

"ಮೇಲೆ ಏನೋ ಗದ್ದಲ ಕೇಳಿಸ್ತಲ್ಲೋ. ಅಜ್ಜಿ ಗುರುತು ಹಿಡಿದ್ರಾ?"

"ಹೂಂ ಮಾಮ, ಕೊನೇಲಿ ಹಿಡಿದ್ರು" ಎಂದ ಗುಂಡ, ಬಿಳಿ ಕೋಟು ಬಿಚ್ಚಿ ಅವನ ಕೈಗೆ ಕೊಟ್ಟು ಬಸ್ಸಿಗೆ ನಡೆದ.